ಮೀನಿನ ತೊಟ್ಟಿಗೆ ಗಟ್ಟಿಯಾದ ಸ್ಟ್ಯಾಂಡು

1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಹಾಳುಗೆಡವಿದ ಮೇಲೆ, ಪರಿಹಾರೋಪಾಯ ಸೂಚಿಸಲು ನಿಜಾಮ ಸರಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ನೀರಿನ ಲೆಕ್ಕ ಹಾಕಿ ಅವರಿತ್ತ ಸಲಹೆಯ ಫಲವಾಗಿಯೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದವು. ನಡುಮನೆಯ ಮೀನಿನ ತೊಟ್ಟಿಯ ಮಾತಿಗೆ ಇಷ್ಟು ದೊಡ್ಡ ಪೀಠಿಕೆಯೇ ಎಂದು ವಾಚಕರು ನಗಬಹುದು. ಆದರೆ ಸಾಗರವಾಗಲಿ ತೊಟ್ಟಿಯಾಗಲಿ, ನೀರಿನ ಭಾರ ಭಾರವೇ. ಮೊದಲು ಲೆಕ್ಕ, ಆಮೇಲೆ ಕಟ್ಟಡ ಎಂಬ ನಿಯಮ ಎರಡಕ್ಕೂ ಒಂದೇ.

ಊರಿನಲ್ಲಾದರೆ ಮಕ್ಕಳಿಗೆ ಕೆರೆಯುಂಟು, ಬಾವಿಯುಂಟು. ಕಾಚಿಗುಡದ ಬಾಡಿಗೆ ಮನೆಯಲ್ಲೋ ಕೂಕಟ್‌ಪಲ್ಲಿಯ ನಾಲ್ಕನೆಯ ಅಂತಸ್ತಿನ ಫ್ಲ್ಯಾಟಿನಲ್ಲೋ ಬೆಳೆಯುವ ನಮ್ಮ ಮಕ್ಕಳಿಗೆ ಈಜುವ ಮೀನು ಕಾಣುವುದು ಗಾಜಿನ ತೊಟ್ಟಿಯಲ್ಲಿಯೇ. ಮೊದಲು ಚಿಕ್ಕ ತೊಟ್ಟಿ ಬರುತ್ತದೆ. ಆಸೆ ಬೆಳೆದಂತೆ ದೊಡ್ಡದು. ಅದರ ಹಿಂದೆಯೇ ದೊಡ್ಡ ಫಿಲ್ಟರು, ಕೆಳಗಡೆ ಸಂಪ್ ಎಂಬ ಇನ್ನೊಂದು ತೊಟ್ಟಿ, ಬೇಸಿಗೆಗೆಂದು ನೀರು ತಂಪು ಮಾಡುವ ಯಂತ್ರ. ಇವೆಲ್ಲ ಹೊಸವು, ಹೊರುವ ಸ್ಟ್ಯಾಂಡು ಮಾತ್ರ ಹಳೆಯದು. ಅದರ ಎದುರು ಗಾಜಿಗೆ ಮೂಗೊತ್ತಿ ನಿಲ್ಲುವುದು ಮನೆಯ ಅತಿ ಚಿಕ್ಕ ಮಗು ಎಂಬುದನ್ನು ನಾವು ಮರೆಯಬಾರದು.

ಲೆಕ್ಕ ನೋಡೋಣ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯೆಂದರೆ 9 ಘನ ಅಡಿ, ಸುಮಾರು 255 ಲೀಟರು. ಒಂದು ಲೀಟರು ನೀರು ಒಂದು ಕಿಲೋ. ಗಾಜು, ಜಲ್ಲಿಕಲ್ಲು ಸೇರಿದರೆ 300 ಕಿಲೋ ಮೀರುತ್ತದೆ. ಕೆಳಗಿನ ಸಂಪು, ಫಿಲ್ಟರು ಇನ್ನೊಂದು 100 ಕಿಲೋ ಎನ್ನಿ. ಕ್ವಿಂಟಾಲು ತೂಗುವ ನಾಲ್ಕು ಅಕ್ಕಿ ಮೂಟೆಗಳನ್ನು ಒಂದು ಮೇಜಿನಷ್ಟು ಜಾಗದಲ್ಲಿ ಹಗಲಿರುಳು ಇಟ್ಟಂತಾಯಿತು.

ಇಷ್ಟು ಭಾರವನ್ನು ಎಲ್ಲಿಡಬೇಕು? ವಾಸದ ಮನೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಹಿಡಿದು ಲೆಕ್ಕ ಹಾಕುವುದು ನಮ್ಮ ದೇಶದ ಕಟ್ಟಡ ನಿಯಮ. ತೊಟ್ಟಿಯ ಕೆಳಗೆ ಬೀಳುವ ಭಾರ ಅದರ ಮೂರುಪಟ್ಟಿಗಿಂತ ಹೆಚ್ಚು. ಕೋಣೆಯ ಉಳಿದ ನೆಲ ಬರಿದಾಗಿರುವುದರಿಂದ ಹೆದರಬೇಕಾಗಿಲ್ಲ. ಆದರೆ ಕೋಣೆಯ ನಡುವೆ ಇಡಕೂಡದು. ತೊಲೆ, ಕಂಬಗಳಿರುವ ಗೋಡೆಯ ಪಕ್ಕದಲ್ಲಿಡುವುದು ಒಳಿತು. ಗರ್ಡರಿನ ಮೇಲೆ ಕಲ್ಲುಚಪ್ಪಡಿ ಹಾಸಿದ ಹಳೆಯ ಮನೆಯ ಮಹಡಿಯಾದರೆ ಇಂಜಿನಿಯರನ್ನು ಕೇಳದೆ ಇಡಲೇಬಾರದು.

ಇನ್ನು ಸ್ಟ್ಯಾಂಡಿನ ರಿಪೇರಿ. ಮೊದಲು ಮೀನುಗಳನ್ನು ಬೇರೆಡೆಗೆ ಸಾಗಿಸಿ, ನೀರನ್ನೆಲ್ಲ ತೆಗೆದು, ತೊಟ್ಟಿಯನ್ನು ಇಳಿಸಬೇಕು. ನೀರಿರುವಾಗ ಅಲುಗಿಸಿದರೆ ಗಾಜಿನ ಬೆಸುಗೆ ಬಿಡುವುದುಂಟು.

ಮರದ ಸ್ಟ್ಯಾಂಡುಗಳು ಸಾಮಾನ್ಯವಾಗಿ ಸೋಲುವುದು ಮೂರು ಬಗೆಯಲ್ಲಿ. ಒಂದು, ಮೇಲಿನ ಪಟ್ಟಿ ಕಾಲಿನ ತಲೆಯ ಮೇಲೆ ಕೂರದೆ ಸ್ಕ್ರೂಗಳಿಗೆ ಜೋತುಬಿದ್ದಿರುತ್ತದೆ. ಪ್ರತಿ ಮೂಲೆಯೊಳಗೂ ಮೇಲಿನ ಪಟ್ಟಿಯ ತಳದಿಂದ ನೆಲದವರೆಗೆ ಸರಿಯಾಗಿ ಕೂರುವ 2 ಅಂಗುಲದ ಮರದ ಕಾಲನ್ನು ನಿಲ್ಲಿಸಿದರೆ ಭಾರ ಮರದಿಂದ ಮರಕ್ಕೆ ಇಳಿಯುತ್ತದೆ. ಸ್ಕ್ರೂವಿಗೆ ಹಿಡಿದಿಡುವ ಕೆಲಸವಷ್ಟೇ ಉಳಿಯುತ್ತದೆ. ಎರಡು, ಉದ್ದನೆಯ ಪಟ್ಟಿ ನಡುವೆ ಬಾಗುತ್ತದೆ. ಮಧ್ಯದಲ್ಲಿ ಒಂದು ಕಾಲು ಕೊಟ್ಟರೆ ಆ ಬಾಗು ಹದಿನಾರರಲ್ಲಿ ಒಂದು ಪಾಲಿಗೂ ಕಡಿಮೆಯಾಗುತ್ತದೆ. ಪಟ್ಟಿಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಬೇಕು. ನಮ್ಮ ಹಿರಿಯರು ಮಾಳಿಗೆಗೆ ತೊಲೆ ಇಟ್ಟದ್ದೂ ಹೀಗೆಯೇ. ಮೂರು, ಪಕ್ಕಕ್ಕೆ ವಾಲುವುದು. ನೇರ ಭಾರವನ್ನು ತಡೆದ ಸ್ಟ್ಯಾಂಡು ಮಗುವೊಂದು ಒರಗಿದರೆ ಓಲಾಡಬಹುದು. ಬೆನ್ನಿಗೆ 12 ಮಿಲಿಮೀಟರಿನ ಪ್ಲೈವುಡ್ ಹಲಗೆಯನ್ನು ನಾಲ್ಕೂ ಅಂಚಿಗೆ ಸ್ಕ್ರೂ ಹಾಕಿ ಬಿಗಿದರೆ ಓಲಾಟ ನಿಲ್ಲುತ್ತದೆ. ಹಲಗೆ ಐಎಸ್ 710 ಗುರುತಿನದಾದರೆ ನೀರಿಗೆ ಜಗ್ಗದು. ಪಾರ್ಟಿಕಲ್ ಬೋರ್ಡು ನೆನೆದರೆ ಉಬ್ಬಿ ಪುಡಿಯಾಗುತ್ತದೆ.

ಕಬ್ಬಿಣದ ಸ್ಟ್ಯಾಂಡಿಗೂ ಇವೇ ಮೂರು ಮಾತುಗಳು. ರಾಣಿಗಂಜಿನ ಕಬ್ಬಿಣದಂಗಡಿಗಳಲ್ಲಿ ಸಿಗುವ ಒಂದೂವರೆ ಅಂಗುಲದ ಚೌಕ ಪೈಪು, 2 ಮಿಲಿಮೀಟರು ದಪ್ಪದ್ದು, ಈ ಅಳತೆಯ ತೊಟ್ಟಿಗೆ ಸಾಕು. ಬೆಸುಗೆ ಸುತ್ತಲೂ ಬರಲಿ. ಚುಕ್ಕೆ ಇಟ್ಟು ಬಿಡುವುದು ಬೇಡ. ಹಿಂದೆ ಒಂದು ಓರೆಪಟ್ಟಿ ಇರಲಿ. ತುಕ್ಕು ಕೆರೆದು, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹಚ್ಚಬೇಕು.

ಭಾರದ ಸಲಕರಣೆಗಳು ಆದಷ್ಟೂ ನೆಲಕ್ಕೆ ಹತ್ತಿರವಿರಲಿ. ಕರೆಂಟು ಹೋದಾಗಿಗೆಂದು ಇನ್ವರ್ಟರಿನ ಬ್ಯಾಟರಿಯನ್ನು ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇಡುವವರುಂಟು. ಇದು ಸಲ್ಲದು. ಭಾರದ ಮಾತು ಒತ್ತಟ್ಟಿಗಿರಲಿ, ಚಾರ್ಜಾಗುವಾಗ ಅದು ಹೊರಬಿಡುವ ಜಲಜನಕ ಮುಚ್ಚಿದ ಕಪಾಟಿನಲ್ಲಿ ಅಪಾಯಕರ. ಮೇಲೆ ನೀರು ಬೇರೆ. ಪಂಪಿನ ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಂದು ಮೇಲೇರಲಿ; ಸೋರಿದ ಹನಿ ಅಲ್ಲಿಯೇ ತೊಟ್ಟಿಕ್ಕಿಬಿಡುತ್ತದೆ.

ಕೊನೆಗೆ ಪರೀಕ್ಷೆ. ರಸಮಟ್ಟವೆಂದರೆ ಇಲ್ಲಿಯ ತೆಲುಗು ಬಡಗಿಗೂ ಅರ್ಥವಾಗುವ ಮಾತು. ನಾಲ್ಕೂ ಬದಿ ಇಟ್ಟು ನೋಡಿರಿ. ಕರ್ಣಗಳೆರಡನ್ನೂ ದಾರದಿಂದ ಅಳೆಯಿರಿ. ಅಳತೆ ಸಮನಾದರೆ ಮೂಲೆಗಳು ನೆಟ್ಟಗಿವೆ. ಚಪ್ಪಟೆ ತಳದ ತೊಟ್ಟಿಯಾದರೆ ಕೆಳಗೆ ಥರ್ಮೊಕೋಲ್ ಹಾಳೆ ಹಾಸಿರಿ. ಶಹಾಬಾದ್ ಕಲ್ಲಿನ ನೆಲ ಏರುತಗ್ಗಾಗಿದ್ದರೆ ಕಾಲಡಿಗೆ ಕಾಗದದ ಮಡಿಕೆ ಇಡದೆ ಲೋಹದ ಬಿಲ್ಲೆ ಕೊಡಿರಿ. ಕಾಲುಭಾಗ ನೀರು ತುಂಬಿ ಒಂದು ದಿನ ಕಾದು, ಮತ್ತೆ ರಸಮಟ್ಟ ನೋಡಿ, ಇನ್ನೊಂದು ಕಾಲುಭಾಗ ತುಂಬಿರಿ. ನಾಲ್ಕು ದಿನ ಹಿಡಿಯುತ್ತದೆ. ಮಕ್ಕಳು ಅವಸರಪಡಿಸುತ್ತಾರೆ, ಅವರನ್ನೇ ಕರೆದು ರಸಮಟ್ಟದ ಗುಳ್ಳೆ ನೋಡಲು ಹಚ್ಚಿರಿ. ಬಾಡಿಗೆ ಮನೆಯವರಾದರೆ ಯಜಮಾನರಿಗೂ ಕೆಳಗಿನ ಮನೆಯವರಿಗೂ ಮೊದಲೇ ಒಂದು ಮಾತು ತಿಳಿಸಿ, ಗೋಡೆಗೆ ಕ್ಲಾಂಪು ಹೊಡೆದು ಸ್ಟ್ಯಾಂಡನ್ನು ಬಿಗಿಯುವುದು ಲೇಸು.