ತೊಲೆ-ಜಂತಿಗಳ ಬೆಲೆಯೂ ಮನೆ ಕಟ್ಟುವ ಗೃಹಸ್ಥನೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ—ವಿಜಾಪುರ ಸೀಮೆಯ ಈ ನಾಲ್ಕು ತಾಲೂಕುಗಳಲ್ಲಿ ಭೂತಾಯಿಯು ಜೋಳವನ್ನು ಕೊಟ್ಟಷ್ಟು ಧಾರಾಳವಾಗಿ ಮರವನ್ನು ಕೊಟ್ಟವಳಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿಯ ಎರೆಭೂಮಿ. ಹರದಾರಿಗಟ್ಟಲೆ ನಡೆದರೂ ಬದುವಿನ ಮೇಲಿನ ಬೇವು, ಹಳ್ಳದ ದಂಡೆಯ ಜಾಲಿ, ಗುಡಿಯ ಮುಂದಿನ ಬನ್ನಿ ಇವುಗಳ ಹೊರತು ದೊಡ್ಡ ಮರವೆಂಬುದು ಕಣ್ಣಿಗೆ ಬೀಳುವುದು ಅಪರೂಪ. ಕರ್ನಾಟಕದಲ್ಲಿ ಅತ್ಯಲ್ಪ ಅರಣ್ಯವುಳ್ಳ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಈಗ ಈ ನಾಲ್ಕು ತಾಲೂಕುಗಳನ್ನು ಒಡೆದು ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ಕೊಲ್ಹಾರ, ನಿಡಗುಂದಿ ಎಂಬ ಹೊಸ ತಾಲೂಕುಗಳನ್ನು ಮಾಡಿರುವರಾದರೂ, ತಾಲೂಕು ಹೆಚ್ಚಿದವೇ ಹೊರತು ಮರಗಳು ಹೆಚ್ಚಲಿಲ್ಲವಷ್ಟೆ. ಹೀಗಿರಲು, ಇಲ್ಲಿ ಮನೆ ಕಟ್ಟುವ ಗೃಹಸ್ಥನು ಬಾಗಿಲಿನ ಕಟ್ಟಿಗೆಗಾಗಿ ಯಾವಾಗಲೂ ಪರಸ್ಥಳದ ಕಡೆಗೆ ನೋಡಬೇಕಾದವನು. ಪರಸ್ಥಳದ ಪೇಟೆಯು ಏರಿದರೆ ಅವನ ಮನೆಯು ಅಡ್ಡಗೋಡೆಯ ಮಟ್ಟದಲ್ಲಿಯೇ ನಿಂತು ಬಿಡುವದು.

ಕಳೆದ ಬೇಸಿಗೆಯಲ್ಲಿ ಸಿಂದಗಿಯ ಕಡೆಯ ನಮ್ಮ ಬಂಧುಗಳೊಬ್ಬರ ಮನೆಗೆ ಹೋಗಿದ್ದೆವು. ಅಣ್ಣತಮ್ಮಂದಿರಿಬ್ಬರು, ತಾಯಿಯು ವೃದ್ಧೆ. ಐದು ಅಂಕಣದ ಹಳೆಯ ಮಾಳಿಗೆ ಮನೆಯನ್ನು ಕೆಡವಿ ಎರಡು ಸಣ್ಣ ಮನೆಗಳನ್ನು ಕಟ್ಟುವದೆಂದು ನಿಶ್ಚಯವಾಗಿತ್ತು. ಹಳೆಯ ಕಟ್ಟಿಗೆಯ ವ್ಯಾಪಾರಿಯೊಬ್ಬನು ಬಂದು, ತಲೆಬಾಗಿಲಿನಿಂದ ಹಿಡಿದು ಕೊಟ್ಟಿಗೆಯ ಗೂಟದವರೆಗೆ ಎಲ್ಲವನ್ನೂ ಒಂದೇ ಮಾತಿನಲ್ಲಿ ಕೊಳ್ಳುವೆನೆಂದು ಹೇಳಿ ಹೋಗಿದ್ದನು. ಹಿರಿಯನು ನಮ್ಮನ್ನು ನೋಡಿ, “ಕಾಕಾ, ಇಡಗಂಟಾಗಿ ಕೊಟ್ಟಬಿಟ್ರ ತಳಪಾಯದ ಖರ್ಚು ಹೊರಡತೈತಿ, ನೀವೇನಂತೀರಿ?” ಎಂದು ಕೇಳಿದನು. ಕಿರಿಯನು ಮಾತಾಡಲಿಲ್ಲ, ಆದರೆ ಅವನ ಮನಸ್ಸಿನಲ್ಲಿ ಬೇರೆಯೇ ಇದ್ದಿತೆಂಬುದು ಮುಖದ ಮೇಲೆ ಕಾಣುತ್ತಿತ್ತು. ನಾವು ಉತ್ತರ ಕೊಡುವ ಮೊದಲು ಬಡಿಗನನ್ನು ಕರೆಯಿಸಿ, ಟೇಪು ಹಿಡಿದು ಅಳೆಯಿಸುವದು ಒಳ್ಳೆಯದೆಂದು ಹೇಳಿದೆವು.

ಆ ಅಳತೆಯ ಲೆಕ್ಕವು ವಾಚಕರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ. ಕಟ್ಟಿಗೆಯನ್ನು ಪೇಟೆಯಲ್ಲಿ ಘನ ಅಡಿಯಿಂದ ಮಾರುವರು. ಸರಕಾರಿ ಡಿಪೋಗಳಲ್ಲಿ ಘನ ಮೀಟರಿನ ಲೆಕ್ಕ. ಒಂದು ಘನ ಮೀಟರೆಂದರೆ ೩೫ ಘನ ಅಡಿಗಿಂತ ತುಸು ಹೆಚ್ಚು. ಒಂಬತ್ತು ಅಂಗುಲ ಚಚ್ಚೌಕದ, ಹನ್ನೆರಡು ಅಡಿ ಉದ್ದದ ಒಂದು ತೊಲೆಯಲ್ಲಿ ಆರೂಮುಕ್ಕಾಲು ಘನ ಅಡಿ ಕಟ್ಟಿಗೆ. ಅದರ ಮೇಲೆ ಅಡಿಗೊಂದರಂತೆ ಹನ್ನೆರಡು ಜಂತಿ. ನಾಲ್ಕು ಅಂಗುಲಕ್ಕೆ ಮೂರಂಗುಲದ, ಎಂಟು ಅಡಿಯ ಜಂತಿಗಳಾದರೆ ಅವು ಕೂಡಿ ಎಂಟು ಘನ ಅಡಿ. ಮೇಲೆ ಅಂಗುಲ ದಪ್ಪದ ಹಲಗೆ ಹಾಸಿದರೆ ಅದು ಮತ್ತೆ ಎಂಟು ಘನ ಅಡಿ. ಅಂದಮೇಲೆ ಒಂದೇ ಒಂದು ಅಂಕಣದ ಮಾಳಿಗೆಯು ಸುಮಾರು ಇಪ್ಪತ್ತಮೂರು ಘನ ಅಡಿ ಕಟ್ಟಿಗೆಯನ್ನು ಹೊತ್ತುಕೊಂಡಿರುವದು. ಕಂಬ, ಬೋದಿಗೆ, ಬಾಗಿಲುಗಳ ಲೆಕ್ಕವು ಬೇರೆ.

ಇನ್ನು ಇಂದಿನ ಮನೆ. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲದ ಬಾಗಿಲಿನ ಚೌಕಟ್ಟಿಗೆ, ಹೊಸ್ತಿಲು ಸಹಿತವಾಗಿ, ಐದು ಅಂಗುಲಕ್ಕೆ ಮೂರಂಗುಲದ ಕಟ್ಟಿಗೆ ಇಪ್ಪತ್ತೊಂದು ಅಡಿ ಬೇಕು; ಅದು ಎರಡು ಘನ ಅಡಿಗಿಂತ ಸ್ವಲ್ಪ ಹೆಚ್ಚು. ನಡುವೆ ಒಂದು ಕಡ್ಡಿಯಿರುವ ನಾಲ್ಕಡಿ ಚಚ್ಚೌಕದ ಕಿಟಕಿಯ ಚೌಕಟ್ಟು ಒಂದೂಮುಕ್ಕಾಲಿಗೆ ತುಸು ಕಡಿಮೆ. ಆರು ಬಾಗಿಲು, ಆರು ಕಿಟಕಿಗಳ ಮನೆಗೆ ಚೌಕಟ್ಟುಗಳೆಲ್ಲ ಕೂಡಿ ಸುಮಾರು ಇಪ್ಪತ್ತಮೂರು ಘನ ಅಡಿ! ಅಜ್ಜನ ಮನೆಯ ಒಂದೇ ಅಂಕಣದ ಮಾಳಿಗೆಯು ಮೊಮ್ಮಗನ ಇಡೀ ಮನೆಯ ಚೌಕಟ್ಟುಗಳಿಗೆ ಸರಿಯಾಯಿತು. ಕಬ್ಬಿಣ-ಸಿಮೆಂಟಿನ ಸ್ಲ್ಯಾಬು ಬಂದು ಕಟ್ಟಿಗೆಯ ಉಪಯೋಗವು ಇಷ್ಟು ಕಡಿಮೆಯಾದರೂ, ಅದರ ಬೆಲೆಯು ಗೃಹಸ್ಥನನ್ನು ಹೆದರಿಸುವದು ಮಾತ್ರ ಕಡಿಮೆಯಾಗಲೊಲ್ಲದು. ಘನ ಅಡಿಗೆ ಒಂದು ಸಾವಿರ ರೂಪಾಯಿ ಏರಿದರೆ ಚೌಕಟ್ಟುಗಳಲ್ಲಿಯೇ ಇಪ್ಪತ್ತಮೂರು ಸಾವಿರದ ಹೆಚ್ಚಳ; ಕದ, ಅಡಕಲು, ಕೊಯ್ತದಲ್ಲಿ ಹೋಗುವ ಹೊಟ್ಟು ಇವುಗಳನ್ನು ಸೇರಿಸಿದರೆ ಅದು ಇನ್ನೂ ಬೆಳೆಯುವದು.

ಬೆಲೆಯು ಹೀಗೆ ತೂಗಾಡುವದೇಕೆ? ನಮ್ಮ ಹಿರಿಯರ ಕಾಲಕ್ಕೆ ಉಳ್ಳವರು ಸಾಗವಾನಿಯನ್ನೂ, ಇಲ್ಲದವರು ತಮ್ಮ ಹೊಲದ ಬೇವು-ಜಾಲಿಗಳನ್ನೂ ಉಪಯೋಗಿಸುತ್ತಿದ್ದರು. ದಾಂಡೇಲಿ, ಹಳಿಯಾಳ, ಯಲ್ಲಾಪುರದ ಕಾಡುಗಳೇ ಸಾಗವಾನಿಯ ಕಣಜಗಳಾಗಿದ್ದವು. ೧೯೮೮ ರ ರಾಷ್ಟ್ರೀಯ ಅರಣ್ಯ ನೀತಿಯು ಕಾಡನ್ನು ಕಟ್ಟಿಗೆಯ ಕಣಜವೆಂದು ಎಣಿಸದೆ ನೆಲ-ನೀರುಗಳ ರಕ್ಷಕನೆಂದು ಎಣಿಸಿತು. ೧೯೯೬ ರ ಡಿಸೆಂಬರ ೧೨ ರಂದು ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ಪ್ರಕರಣದಲ್ಲಿ ಕೊಟ್ಟ ಆಜ್ಞೆಯು ಕಾಡು ಕಡಿಯುವದಕ್ಕೂ ಕೊರೆಯುವ ಗಿರಣಿಗಳಿಗೂ ಬಿಗಿಯಾದ ಕಟ್ಟನ್ನು ಹಾಕಿತು. ಇದು ಸರಿಯಾದ ಕೆಲಸವೆಂಬುದರಲ್ಲಿ ನಮಗೆ ಸಂದೇಹವಿಲ್ಲ; ಕಾಡು ಹೋದರೆ ಕೃಷ್ಣೆ-ಭೀಮೆಗಳೂ ಹೋದಾವು. ಆದರೆ ಅಂದಿನಿಂದ ದೇಶವು ಹೆಚ್ಚು ಹೆಚ್ಚಾಗಿ ಹಡಗಿನ ಕಟ್ಟಿಗೆಯನ್ನು ನೆಚ್ಚಬೇಕಾಯಿತು. ಬ್ರಹ್ಮದೇಶದ ಸಾಗವಾನಿಯೆಂದರೆ ಎಲ್ಲರ ಬಾಯಲ್ಲಿ ನೀರೂರುತ್ತಿತ್ತು. ಆ ದೇಶವು ೨೦೧೪ ರ ಏಪ್ರಿಲ್ ೧ ರಿಂದ ಇಡೀ ದಿಮ್ಮಿಗಳನ್ನು ಹೊರಗೆ ಕಳಿಸುವದನ್ನೇ ನಿಲ್ಲಿಸಿತು. ಆಮೇಲೆ ಘಾನಾ, ಟಾಂಜಾನಿಯಾ, ಇಕ್ವೆಡಾರ, ಪನಾಮಾ ಮುಂತಾದ ದೇಶಗಳ ತೋಪಿನ ಸಾಗವಾನಿಯ ಕೈ ಮೇಲಾಯಿತು. ಡಾಲರಿಗೆ ೨೦೧೪ ರಲ್ಲಿ ಅರವತ್ತು ರೂಪಾಯಿಯ ಆಸುಪಾಸಿದ್ದ ದರವು ೨೦೨೪ ರ ಕೊನೆಗೆ ಎಂಭತ್ತೈದನ್ನು ಮುಟ್ಟಿತು. ಇಂಡಿಯ ನಿಂಬೆಯ ತೋಟದ ಒಡೆಯನು ಡಾಲರನ್ನು ಕಣ್ಣಿನಿಂದಲೂ ಕಂಡವನಲ್ಲ. ಆದರೂ ಅವನ ತಲೆಬಾಗಿಲಿನ ಬೆಲೆಯಲ್ಲಿ ಅದು ಸೇರಿಕೊಂಡಿತು. ೨೦೧೭ ರ ಜುಲೈ ೧ ರಿಂದ ದಿಮ್ಮಿಗಳ ಮೇಲೆ ನೂರಕ್ಕೆ ಹದಿನೆಂಟರಂತೆ ಸರಕು-ಸೇವಾ ತೆರಿಗೆಯೂ ಬಂದಿತು.

ಕಟ್ಟಿಗೆಯ ಬೆಲೆಯು ಎಷ್ಟು ಚಂಚಲವೆಂಬುದಕ್ಕೆ ಅಮೇರಿಕೆಯ ಒಂದು ದೃಷ್ಟಾಂತವು ಸಾಕು. ಅಲ್ಲಿ ಮನೆಯ ಗೋಡೆ-ಮಾಡುಗಳೆಲ್ಲ ಕಟ್ಟಿಗೆಯವೇ. ೨೦೨೦ ರ ಬೇನೆಯ ಕಾಲಕ್ಕೆ ಗಿರಣಿಗಳು ಕೆಲಸವನ್ನು ತಗ್ಗಿಸಿದವು. ಮನೆಯಲ್ಲಿಯೇ ಕುಳಿತ ಜನರು ಮನೆಗಳನ್ನು ದೊಡ್ಡದು ಮಾಡಿಕೊಳ್ಳಹತ್ತಿದರು. ಮುಂಗಡ ಪೇಟೆಯಲ್ಲಿ ಸಾವಿರ ಹಲಗೆ-ಅಡಿಗೆ ಮುನ್ನೂರು ಡಾಲರಿಗೂ ಕೆಳಗಿದ್ದ ದರವು ೨೦೨೧ ರ ಮೇ ತಿಂಗಳಲ್ಲಿ ಸಾವಿರದ ಆರುನೂರನ್ನು ದಾಟಿತು. ಅದೇ ಆಗಸ್ಟದಲ್ಲಿ ಐದುನೂರರ ಸುತ್ತಮುತ್ತ ಇಳಿಯಿತು. ಹೊಸ ಮನೆಯೊಂದಕ್ಕೆ ಸುಮಾರು ಮೂವತ್ತಾರು ಸಾವಿರ ಡಾಲರಿನ ಹೆಚ್ಚಿಗೆ ಭಾರವು ಬಿದ್ದಿತೆಂದು ಅಲ್ಲಿಯ ಮನೆ ಕಟ್ಟುವವರ ಸಂಘವು ಲೆಕ್ಕ ಹಾಕಿತ್ತು. ಮೇ ತಿಂಗಳಲ್ಲಿ ಅವಸರ ಮಾಡಿದವನೂ ಆಗಸ್ಟದವರೆಗೆ ತಾಳಿದವನೂ ಒಂದೇ ಓಣಿಯವರಾಗಿದ್ದರೆ, ಅವರ ಮಾತುಕತೆಯನ್ನು ವಾಚಕರೇ ಊಹಿಸಬಹುದು!

ನಮ್ಮ ಸೀಮೆಯಲ್ಲಿ ಮತ್ತೊಂದು ತೊಡಕುಂಟು. ಇಲ್ಲಿಯ ಒಕ್ಕಲಿಗನ ಕೈಯಲ್ಲಿ ಹಣವಾಡುವದು ತೊಗರಿಯ ಬೆಲೆಯಿಂದ. ೨೦೧೫ ರ ಕೊನೆಗೆ ತೊಗರಿಯು ಕ್ವಿಂಟಲಿಗೆ ಹತ್ತು ಸಾವಿರವನ್ನು ದಾಟಿದಾಗ ಅನೇಕರ ಮನಸ್ಸಿನಲ್ಲಿ ಮನೆಯ ಬಯಕೆಯು ಚಿಗುರಿತು. ಮರುವರ್ಷದ ಸುಗ್ಗಿಯಲ್ಲಿ ಅದು ಸರಕಾರದ ಬೆಂಬಲ ಬೆಲೆಯಾದ ೫,೦೫೦ ಕ್ಕಿಂತಲೂ ಕೆಳಗೆ ಬಿದ್ದಿತು. ತೊಗರಿ ಇಳಿದಾಗ ಕಟ್ಟಿಗೆಯೂ ಇಳಿಯಬೇಕೆಂಬ ನ್ಯಾಯವೇನೂ ಇಲ್ಲವಷ್ಟೆ. ಹೊಲದ ತಕ್ಕಡಿ ಬೇರೆ, ಅಡ್ಡೆಯ ತಕ್ಕಡಿ ಬೇರೆ. ತೊಗರಿಯ ಭರವಸೆಯಿಂದ ತಳಪಾಯ ತೆಗೆದು, ಚೌಕಟ್ಟು ನಿಲ್ಲಿಸುವ ವೇಳೆಗೆ ಕೈ ಖಾಲಿಯಾದವರನ್ನು ಪ್ರತಿಯೊಂದು ಹಳ್ಳಿಯಲ್ಲಿಯೂ ಕಾಣಬಹುದು. ಬಡವರ ಸ್ಥಿತಿಯಂತೂ ಇನ್ನೂ ಕಠಿಣ: ಪ್ರಧಾನಮಂತ್ರಿ ಆವಾಸ ಯೋಜನೆಯಲ್ಲಿ ಬಯಲುಸೀಮೆಯ ಹಳ್ಳಿಯ ಮನೆಗೆ ೨೦೧೬ ರಲ್ಲಿ ಗೊತ್ತುಪಡಿಸಿದ್ದು ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ. ಪೇಟೆಯು ಏರಿದಂತೆ ಇಂಥ ಗಂಟು ತಾನಾಗಿ ಏರುವದಿಲ್ಲ. ಆದುದರಿಂದ ಅಂಥ ಮನೆಗಳಲ್ಲಿ ಮೊದಲು ಬಿಟ್ಟು ಹೋಗುವದು ಕಟ್ಟಿಗೆಯೇ. ತಗಡಿನ ಕದ, ಸಿಮೆಂಟಿನ ಚೌಕಟ್ಟುಗಳು ಅದರ ಸ್ಥಾನಕ್ಕೆ ಬರುವವು. ಅದರಲ್ಲಿ ಅವಮಾನವೇನೂ ಇಲ್ಲ. ಒರಲೆಗೆ ತಿನ್ನಲಾಗದ ಚೌಕಟ್ಟೆಂಬುದೂ ಒಂದು ಗುಣವಲ್ಲವೇ? ಮುದ್ದೇಬಿಹಾಳದ ಕಡೆಯವರಿಗೆ ಹೊಳೆಯಾಚೆಯ ಇಳಕಲ್ಲಿನ ಗ್ರಾನೈಟೂ ಮಗ್ಗುಲಲ್ಲಿಯೇ ಇದೆ.

ಹಳೆಯ ಕಟ್ಟಿಗೆಯ ವಿಷಯವನ್ನು ಬಾಗೇವಾಡಿ-ಮುದ್ದೇಬಿಹಾಳದವರಷ್ಟು ಬಲ್ಲವರು ವಿರಳ. ೧೯೬೪ ರ ಮೇ ೨೨ ರಂದು ಲಾಲಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟ ಆಣೆಕಟ್ಟಿನ ನೀರು ಮುಂದೆ ಹಿನ್ನೀರಾಗಿ ಏರಿದಾಗ, ಹಳೆಯ ಕೊಲ್ಹಾರವೇ ಮೊದಲಾದ ಊರುಗಳು ಮುಳುಗಿದವು. ಜನರು ಊರು ಬಿಡುವಾಗ ಗೋಡೆಗಳನ್ನು ಹೊತ್ತೊಯ್ಯಲಾರರು. ಬಾಗಿಲು, ಕಂಬ, ತೊಲೆಗಳನ್ನು ಕಿತ್ತು ಚಕ್ಕಡಿ-ಟ್ರ್ಯಾಕ್ಟರುಗಳಲ್ಲಿ ಹೇರಿಕೊಂಡು ನಡೆದರು. ಇಡೀ ಊರೇ ಒಂದು ಕಾಲಕ್ಕೆ ಕಿತ್ತಾಗ ಮಾರುವವರು ನೂರು ಮಂದಿ, ಕೊಳ್ಳುವವರು ನಾಲ್ವರು; ಅಂಥ ಹೊತ್ತಿನಲ್ಲಿ ಮಾರಿದವನಿಗೆ ಸಿಕ್ಕುವದು ಕಟ್ಟಿಗೆಯ ಬೆಲೆಯಲ್ಲ, ಅವಸರದ ಬೆಲೆ. ಈಗ ಈ ಮಾತನ್ನು ಎತ್ತುವದಕ್ಕೆ ಕಾರಣವಿದೆ. ನೀರನ್ನು ೫೧೯.೬ ಮೀಟರಿನಿಂದ ೫೨೪.೨೫೬ ಮೀಟರಿಗೆ ಏರಿಸಲು ನ್ಯಾಯಮಂಡಳಿಯು ೨೦೧೦ ರಲ್ಲಿ ಒಪ್ಪಿತು. ಭೂಮಿಯ ಪರಿಹಾರವನ್ನು ರಾಜ್ಯದ ಮಂತ್ರಿಮಂಡಲವು ೨೦೨೫ ರ ಸೆಪ್ಟಂಬರದಲ್ಲಿ ಗೊತ್ತುಪಡಿಸಿತು. ಇನ್ನೂ ಕೆಲವು ಊರುಗಳು ಏಳಬೇಕಾದೀತು. ಅಲ್ಲಿಯ ಗೃಹಸ್ಥರು ತಮ್ಮ ಮನೆಯ ಕಟ್ಟಿಗೆಯನ್ನು ಈಗಲೇ ಅಳೆದು ಬರೆದಿಟ್ಟುಕೊಳ್ಳಬೇಕೆಂದು ನಾವು ವಿನಂತಿಸುತ್ತೇವೆ. ಅಳತೆ ತಿಳಿಯದವನು ಇಡುಗಂಟಿನ ಮಾತಿಗೆ ಬೇಗ ಒಪ್ಪುವನು.

ಕಟ್ಟಿದ ಮನೆಯನ್ನು ಕೊಳ್ಳುವವರಿಗೂ ಒಂದು ಮಾತು. ಬೆಲೆ ಏರಿದ ವರ್ಷದಲ್ಲಿ ಕಟ್ಟಿದ ಮನೆಯ ಬಣ್ಣದ ಕೆಳಗೆ ಏನಿದೆಯೆಂಬುದನ್ನು ನೋಡತಕ್ಕದ್ದು. ನಮ್ಮ ಪರಿಚಯದವರೊಬ್ಬರು ಸಾಗವಾನಿಯೆಂದು ನಂಬಿ ಕೊಂಡ ಮನೆಯಲ್ಲಿ, ಮೂರನೆಯ ಮಳೆಗಾಲಕ್ಕೆ ಚೌಕಟ್ಟು ಬಾಗಿ ಕದವು ಹೊಸ್ತಿಲನ್ನು ಕೆರೆಯಹತ್ತಿತು. ಎಳೆಯ ಮರದ ಬಿಳಿಯ ಭಾಗಕ್ಕೆ ಬಣ್ಣ ಬಳಿದರೆ ಅದು ಕೆಚ್ಚಿನಂತೆಯೇ ಕಾಣುವದು, ಒರಲೆಗೆ ಮಾತ್ರ ವ್ಯತ್ಯಾಸವು ಗೊತ್ತಾಗುವದು. ಚದರಡಿಯ ಲೆಕ್ಕದಿಂದ ಗುತ್ತಿಗೆ ಕೊಡುವವರು ಕರಾರು ಪತ್ರದಲ್ಲಿ ಯಾವ ಜಾತಿಯ ಕಟ್ಟಿಗೆ, ಎಷ್ಟು ಅಂಗುಲದ್ದು ಎಂಬುದನ್ನು ಬರೆಯಿಸಬೇಕು. ಹಾಗೆ ಬರೆಯದಿದ್ದರೆ ಕಟ್ಟಿಗೆಯ ಬೆಲೆ ಏರಿದಾಗ ಚೌಕಟ್ಟು ತಾನಾಗಿಯೇ ಸಣ್ಣದಾಗುವದು. ಸ್ವಂತ ಬದುವಿನಲ್ಲಿ ಸಾಗವಾನಿ ಬೆಳೆಸಿದವರು ಅರಣ್ಯ ಇಲಾಖೆಯ ಅಪ್ಪಣೆ ಪಡೆಯದೆ ಕೊಡಲಿ ಹಾಕಬಾರದು; ಕಡಿದ ಮರವನ್ನು ಸಾಗಿಸಲಿಕ್ಕೂ ಪರವಾನಿಗೆ ಬೇಕು. ಕಡಿದದ್ದನ್ನು ನೆರಳಿನಲ್ಲಿ ಆರಲು ಬಿಡದೆ ಕೂಡಲೆ ಚೌಕಟ್ಟು ಮಾಡಿಸುವದು ಅಗ್ಗದ ಕೆಲಸವೆನಿಸಿದರೂ ಅಗ್ಗವಲ್ಲ.

ಸಿಂದಗಿಯ ಮನೆಯ ಮಾತಿಗೆ ಬರೋಣ. ಬಡಿಗನು ಅಳೆದು ಮುಗಿಸಿದ ಮೇಲೆ, ವ್ಯಾಪಾರಿಯು ಹೇಳಿದ ಮೊತ್ತವನ್ನು ಘನ ಅಡಿಗಳಿಗೆ ಹಂಚಿ ನೋಡಿದೆವು. ಹೊಸ ಸಾಗವಾನಿಗೆ ಅಡ್ಡೆಯಲ್ಲಿ ಹೇಳುತ್ತಿದ್ದ ದರದ ಮೂರರಲ್ಲೊಂದು ಪಾಲಿಗೂ ಅದು ಬರಲಿಲ್ಲ. ಆದರೆ ಎಲ್ಲವೂ ಲಾಭವೆಂದು ತಿಳಿಯುವಂತಿಲ್ಲ: ತೊಲೆಗಳ ತುದಿಗಳು ಗೋಡೆಯೊಳಗೆ ಒರಲೆಗೆ ಆಹುತಿಯಾಗಿದ್ದವು, ಜಂತಿಗಳಲ್ಲಿ ಮೊಳೆಗಳು ತುಂಬಿದ್ದವು, ಹಲಗೆಗಳಲ್ಲಿ ಅರ್ಧವು ಒಲೆಗೇ ತಕ್ಕವು. ಮೂರನೆಯ ಒಂದು ಪಾಲು ಕಳೆದರೂ ಎರಡು ಮನೆಗಳ ಬಾಗಿಲು-ಕಿಟಕಿಗಳಿಗೆ ಸಾಕಾಗಿ ಉಳಿಯುವದೆಂದು ಬಡಿಗನು ಹೇಳಿದನು. ಹಿರಿಯನು ಬಹಳ ಹೊತ್ತು ಸುಮ್ಮನೆ ಕುಳಿತು, ಕೊನೆಗೆ ತಮ್ಮನ ಕಡೆಗೆ ನೋಡಿ, “ತಳಪಾಯಕ್ಕ ರೊಕ್ಕ ಎಲ್ಲಿಂದ ತರೂದೋ?” ಎಂದನು. “ತೊಗರಿ ಬರಲಿ ಅಣ್ಣಾ, ಈ ವರ್ಷ ತಡದರ ಏನಾತು? ಈ ಕಟ್ಟಿಗಿ ಮತ್ತ ಸಿಗೂದಿಲ್ಲ” ಎಂದು ಕಿರಿಯನು ಮೊದಲ ಸಲ ಬಾಯಿಬಿಟ್ಟನು. ತಾಯಿಯು ಒಳಗಿನಿಂದ, “ತಲಬಾಗಿಲಾ ಯಾರ ಮನೀಗೆ?” ಎಂದು ಕೇಳಿದಳು. ಆ ಪ್ರಶ್ನೆಯು ಯಾವ ಲೆಕ್ಕದಲ್ಲಿಯೂ ಬಂದಿರಲಿಲ್ಲ.

ಈಗ ಆ ಕಟ್ಟಿಗೆಯನ್ನು ಕೊಟ್ಟಿಗೆಯಲ್ಲಿ ಕಲ್ಲಿನ ಮೇಲೆ ನೆಲ ಮುಟ್ಟದಂತೆ ಒಟ್ಟಿ, ತಗಡು ಮುಚ್ಚಿಟ್ಟಿರುವರು. ತಲೆಬಾಗಿಲನ್ನು ಮಾತ್ರ ಇನ್ನೂ ಕಿತ್ತಿಲ್ಲ; ಗೋಡೆಗಳಿಲ್ಲದ ಅಂಗಳದ ಮುಂದೆ ಅದು ಒಂದೇ ನಿಂತಿದೆ, ಮುದುಕಿಯು ದಿನಾಲು ಅದರ ಹೊಸ್ತಿಲನ್ನು ತೊಳೆಯುತ್ತಾಳೆ.