ಮಿತವ್ಯಯದಲ್ಲಿ ಕಡಲದರ್ಶನ: ಕಾರವಾರಕ್ಕೆ ವಸಂತದ ಮೂರು ದಿನಗಳು

ಬಯಲುಸೀಮೆಯ ಪ್ರೌಢಶಾಲೆಯೊಂದರಲ್ಲಿ ನಾನು ಭೂಗೋಳವನ್ನು ಬೋಧಿಸುತ್ತಿದ್ದ ಕಾಲದ ಮಾತು. ಉಬ್ಬರವಿಳಿತಗಳ ಪಾಠವನ್ನು ಕರಿಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿ ಮುಗಿಸಿದ್ದೆ. ಹಿಂದಿನ ಸಾಲಿನ ಬಾಲಕನೊಬ್ಬನು ಎದ್ದು ನಿಂತು, "ಇಳಿದ ನೀರು ಎಲ್ಲಿಗೆ ಹೋಗ್ತದ್ರೀ ಸರ್? ನೀವು ನೋಡೀರೇನ್ರೀ?" ಎಂದು ಕೇಳಿದನು. ನಾನು ನೋಡಿರಲಿಲ್ಲ. ಹನ್ನೊಂದು ವರ್ಷ ಸಮುದ್ರವನ್ನು ಬೋಧಿಸಿದವನು ಸಮುದ್ರವನ್ನೇ ಕಂಡಿರಲಿಲ್ಲ.

ಆ ವರ್ಷದ ಬೇಸಿಗೆಯ ರಜೆಯಲ್ಲಿಯೇ ಕುಟುಂಬಸಮೇತನಾಗಿ ಹೊರಟೆ. ಎರಡು ದಿನಗಳಲ್ಲಿ ಮೂರು ಊರುಗಳನ್ನು ನೋಡಬೇಕೆಂಬ ಹಂಬಲ. ಖರ್ಚು ಹೆಚ್ಚೀತೆಂದು ವೃದ್ಧ ತಾಯಿಯನ್ನು ಮನೆಯಲ್ಲಿಯೇ ಬಿಟ್ಟೆವು. ಕಡಲ ತೀರವನ್ನು ತಲುಪಿದಾಗ ನಡುಮಧ್ಯಾಹ್ನ. ಕಾಲಿಟ್ಟರೆ ಸುಡುವ ಮರಳು. ನೀರು ದಡದವರೆಗೂ ತುಂಬಿ ನಿಂತಿತ್ತು. ಅರ್ಧ ಗಂಟೆಯಲ್ಲಿ ಮತ್ತೊಂದು ಬಸ್ಸು ಹಿಡಿಯಬೇಕಾಗಿತ್ತು. ಹಣ ಮುಗಿಯಿತು, ಮಕ್ಕಳು ದಣಿದರು. ಇಳಿತವನ್ನು ಮಾತ್ರ ಕಾಣದೆಯೇ ಹಿಂತಿರುಗಿದೆವು. ಕೆಲವು ವರ್ಷಗಳ ತರುವಾಯ ಸರಿಯಾದ ಯೋಜನೆಯೊಡನೆ ಮತ್ತೆ ಹೋದಾಗ ತಾಯಿಯವರು ಇರಲಿಲ್ಲ. ಆ ಎರಡು ಪ್ರವಾಸಗಳಿಂದ ನಾನು ಕಲಿತ ಸೂತ್ರ ಒಂದೇ: ಹಣ ಉಳಿಸಬೇಕಾದರೆ ಊರುಗಳನ್ನು ಬಿಡಬೇಕು, ಜನರನ್ನು ಬಿಡಬಾರದು. ಈ ಸೂತ್ರವನ್ನು ಆಧರಿಸಿ, ನಮ್ಮ ಭಾಗಕ್ಕೆ ಸಮೀಪದ ಕಡಲನಗರವಾದ ಕಾರವಾರದ ಪ್ರವಾಸವನ್ನು ಹೇಗೆ ಏರ್ಪಡಿಸಿಕೊಳ್ಳಬಹುದೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಮೊದಲನೆಯದು ಕಾಲನಿರ್ಣಯ. ಮಳೆಗಾಲದಲ್ಲಿ ಕರಾವಳಿಯ ಪ್ರವಾಸ ಸಲ್ಲದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡುದು ಇನ್ನೂ ನೆನಪಿನಿಂದ ಮಾಸಿಲ್ಲ. ವೈಶಾಖದ ಸೆಕೆಯೂ ವೃದ್ಧರಿಗೆ, ಮಕ್ಕಳಿಗೆ ಹಿತವಲ್ಲ. ಶಿವರಾತ್ರಿಯಿಂದ ಯುಗಾದಿಯವರೆಗಿನ ಅವಧಿ ಉತ್ತಮ. ಅದರಲ್ಲಿಯೂ ಯುಗಾದಿಗೆ ಒಂದು ವಿಶೇಷವುಂಟು. ಸೂರ್ಯಚಂದ್ರರ ಆಕರ್ಷಣೆಗಳು ಕೂಡಿ ವರ್ತಿಸುವ ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಸುಮಾರಿಗೆ ಉಬ್ಬರವಿಳಿತಗಳು ಹಿರಿದಾಗಿರುತ್ತವೆ; ಅಷ್ಟಮಿಯ ಸುಮಾರಿಗೆ ಕಿರಿದಾಗುತ್ತವೆ. ಯುಗಾದಿಯು ಅಮಾವಾಸ್ಯೆಯ ಬೆನ್ನಿಗೇ ಬರುವುದರಿಂದ, ಹಬ್ಬದ ಊಟವನ್ನು ಮುಗಿಸಿ ಮರುದಿನ ಹೊರಟವರಿಗೂ ಕಡಲು ತನ್ನ ಪೂರ್ಣ ಚಲನೆಯನ್ನು ತೋರಿಸುತ್ತದೆ. ಗೋಡೆಯ ಪಂಚಾಂಗವೇ ಇಲ್ಲಿ ಸಾಕಷ್ಟು ಮಾರ್ಗದರ್ಶಿ.

ಎರಡನೆಯದು ಪ್ರಯಾಣ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ ಮಾರ್ಗವಾಗಿ ಕಾರವಾರಕ್ಕೆ ಸುಮಾರು 165 ಕಿ.ಮೀ. ಬೆಳಿಗ್ಗೆ ಹೊರಟ ಸರಕಾರಿ ಬಸ್ಸು ಮಧ್ಯಾಹ್ನದ ಹೊತ್ತಿಗೆ ತಲುಪಿಸುತ್ತದೆ. ರಾತ್ರಿ ಪ್ರಯಾಣ ಮಾಡಿದರೆ ಒಂದು ರಾತ್ರಿಯ ವಸತಿಯ ವೆಚ್ಚ ಉಳಿಯುವುದು ನಿಜ. ಆದರೆ ಬಯಲು ಮುಗಿದು ಕಾಡು, ಕಾಡು ಮುಗಿದು ತೆಂಗು ತೊಡಗುವ ಆ ದಾರಿಯೇ ಒಂದು ಭೂಗೋಳದ ಪಾಠ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ವಿಳಾಸವುಳ್ಳ ಗುರುತಿನ ಚೀಟಿಯೊಂದು ಕೈಯಲ್ಲಿದ್ದರಾಯಿತು. ನನ್ನ ತಾಯಿಯನ್ನು ಬಿಟ್ಟುಹೋಗಲು ನಾನು ಹೇಳಿಕೊಂಡ ನೆವ ಇಂದಿನವರಿಗೆ ಉಳಿದಿಲ್ಲ. ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ರಾತ್ರಿಯ ರೈಲು ಉಂಟು. ನಿಲ್ದಾಣವು ಶಿರವಾಡದಲ್ಲಿ, ನಗರದಿಂದ ಕೆಲವು ಕಿ.ಮೀ. ದೂರದಲ್ಲಿರುವುದರಿಂದ ಆ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು.

ಮೂರನೆಯದು ವಸತಿ ಮತ್ತು ಊಟ. ಕಾರವಾರದ ಮುಖ್ಯ ತೀರವು ಪೇಟೆಗೆ ತಾಗಿಕೊಂಡೇ ಇದೆ. ಆದ್ದರಿಂದ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಸಾಧಾರಣ ಕೋಣೆಯೊಂದನ್ನು ಹಿಡಿದರೆ ಎರಡು ಹೊತ್ತೂ ಕಾಲ್ನಡಿಗೆಯಲ್ಲಿ ಕಡಲಿಗೆ ಹೋಗಿಬರಬಹುದು. ದೂರದ ಅಗ್ಗದ ಕೋಣೆಯ ಉಳಿತಾಯವೆಲ್ಲ ಆಟೋರಿಕ್ಷಾಕ್ಕೆ ಹೋಗುತ್ತದೆ. ಹಬ್ಬದ ರಜೆಯಾದುದರಿಂದ ಕೋಣೆಯನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳುವುದು ಲೇಸು. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆಯ ಅವಲಕ್ಕಿಗಳ ಗಂಟು ಜೊತೆಗಿದ್ದರೆ ಮೊದಲ ದಿನದ ಊಟ ಮನೆಯದೇ. ಅನಂತರ ದಿನಕ್ಕೊಮ್ಮೆ ಸಸ್ಯಾಹಾರಿ ಖಾನಾವಳಿಯ ಊಟ, ಬಾಯಾರಿಕೆಗೆ ಎಳನೀರು. ಪ್ರಯಾಣ, ವಸತಿ, ಊಟ, ಇತರೆ ಎಂಬ ನಾಲ್ಕು ಕಲಮುಗಳಲ್ಲಿ ಅಂದಾಜು ಬರೆದು, ಮೊತ್ತದ ಹತ್ತನೆಯ ಒಂದು ಭಾಗವನ್ನು ಕಾಯಿಲೆ ಕಸಾಲೆಗೆಂದು ಪ್ರತ್ಯೇಕವಾಗಿ ಇಡಬೇಕು. ಅಂದಾಜು ಮೀರಿತೆಂದರೆ ನೋಡುವ ಸ್ಥಳವೊಂದನ್ನು ಹೊಡೆದುಹಾಕಿ. ಪ್ರಯಾಣಿಕರ ಹೆಸರನ್ನು ಹೊಡೆದುಹಾಕಬೇಡಿ.

ಇನ್ನು ದಿನಚರಿ. ಮೊದಲ ದಿನ ಮಧ್ಯಾಹ್ನ ವಿಶ್ರಾಂತಿ. ಬಿಸಿಲಿಳಿದ ಮೇಲೆ ರವೀಂದ್ರನಾಥ ಟಾಗೋರರ ಹೆಸರಿನ ಕಡಲತೀರ. 1883ರಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ಇಪ್ಪತ್ತೆರಡರ ತರುಣ ಕವಿಯು 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ರಚಿಸಿದ್ದು ಈ ಊರಿನಲ್ಲಿ. ಬೆಳದಿಂಗಳಿನಲ್ಲಿ ಕಾಳೀನದಿಯ ಮೇಲೆ ದೋಣಿಯಲ್ಲಿ ವಿಹರಿಸಿ, ಅಳಿವೆಯ ಬಳಿ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದ ಇರುಳನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ.

ಎರಡನೆಯ ದಿನ ನಸುಕಿನಲ್ಲಿಯೇ ತೀರಕ್ಕೆ ಹೋಗಬೇಕು. ಈ ಭಾಗದಲ್ಲಿ ಅಮಾವಾಸ್ಯೆಯ ಸುಮಾರಿನ ಇಳಿತವು ಸಾಮಾನ್ಯವಾಗಿ ಮುಂಜಾನೆ ಮತ್ತು ಸಂಜೆಯ ಹೊತ್ತಿಗೆ ಬೀಳುತ್ತದೆ. ನಿಖರವಾದ ವೇಳೆಯನ್ನು ಮೀನುಗಾರರು ಹೇಳಬಲ್ಲರು. ನೀರಿನಂಚಿನಲ್ಲಿ ಕೋಲೊಂದನ್ನು ನೆಟ್ಟು ಮಕ್ಕಳನ್ನು ಕಾವಲಿಗೆ ಕೂರಿಸಿರಿ. ಬಿಸಿಲೇರಿದಂತೆ ನೀರು ಮುಂದುವರಿದು ಕೋಲನ್ನು ಸುತ್ತುವರಿಯುವುದನ್ನು ಅವರೇ ಕಾಣುತ್ತಾರೆ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆಗಳಿಗಿಂತ ಸ್ವಲ್ಪ ಹೆಚ್ಚು ಅವಧಿ. ಮರುದಿನ ಅದೇ ಸ್ಥಿತಿ ಬರಲು ಸುಮಾರು 50 ನಿಮಿಷ ತಡ. ಇದಕ್ಕೆ ಟಿಕೆಟ್ಟಿಲ್ಲ. ಆಮೇಲೆ ತೀರದಲ್ಲಿಯೇ ಇರುವ 'ಚಪಲ್' ಯುದ್ಧನೌಕೆಯ ಸಂಗ್ರಹಾಲಯವನ್ನು ನೋಡಬಹುದು. ಸಂಜೆ ಕಾಳೀಸೇತುವೆಯನ್ನು ದಾಟಿ ಸದಾಶಿವಗಡದ ಗುಡ್ಡವನ್ನೇರಿದರೆ ನದಿಯು ಕಡಲನ್ನು ಸೇರುವ ನೋಟ ಕಣ್ಣಮುಂದೆ ತೆರೆಯುತ್ತದೆ. ಇಲ್ಲಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದುಬಿದ್ದಿತು. ಸಂಚಾರವು ಪಕ್ಕದ ಹೊಸ ಸೇತುವೆಯ ಮೇಲೆ ನಡೆಯುತ್ತದೆ. ಮೂರನೆಯ ದಿನ ಬೆಳಗಿನಲ್ಲಿ ಬೈತಕೋಲದ ಮೀನುಗಾರಿಕಾ ಬಂದರಿನ ದೋಣಿಗಳನ್ನು ಕಂಡು ಹತ್ತು ಗಂಟೆಯ ಹೊತ್ತಿಗೆ ಊರಿನ ಬಸ್ಸನ್ನು ಹಿಡಿಯುವುದು.

ಒಂದು ಎಚ್ಚರಿಕೆಯ ಮಾತು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ನೀರುಪಾಲಾದರು. ಕೆರೆಯಲ್ಲಿ ಈಜು ಕಲಿತ ನಮ್ಮವರಿಗೆ ದಡಕ್ಕೆ ಬಂದ ಅಲೆಯ ನೀರು ಹಿಂದೆ ಸರಿಯುವಾಗಿನ ಸೆಳೆತದ ಅರಿವಿರುವುದಿಲ್ಲ. ಮೊಣಕಾಲಿಗಿಂತ ಆಳಕ್ಕೆ ಇಳಿಯಬಾರದು. ಕತ್ತಲಾದ ಮೇಲೆ ನೀರಿಗೆ ಹೋಗಲೇಬಾರದು. ಜೀವರಕ್ಷಕರು ಬೇಡವೆಂದರೆ ವಾದಿಸಬಾರದು.

ಆ ಬಾಲಕನಿಗೆ ನಾನು ಉತ್ತರ ಹೇಳಿದ್ದು ತಡವಾಗಿ. ಇಳಿದ ನೀರು ಎಲ್ಲಿಯೂ ಕಾಣೆಯಾಗುವುದಿಲ್ಲ. ಇಲ್ಲಿ ಇಳಿದಾಗ ಕಡಲಿನ ಮತ್ತೊಂದೆಡೆ ಏರಿರುತ್ತದೆ, ಆರು ಗಂಟೆ ತಾಳಿದರೆ ಇಲ್ಲಿಗೂ ಬರುತ್ತದೆ. ಮನೆಯ ಹಿರಿಯರ ವಿಷಯದಲ್ಲಿ ಹಾಗೆ ಹೇಳಲು ಬಾರದು. ಈ ಪುಟವನ್ನು ಓದುವ ಶಿಕ್ಷಕಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ಮುಂಬರುವ ಯುಗಾದಿಯ ಪಂಚಾಂಗವನ್ನು ತೆರೆದಾಗ, ಕಡಲನ್ನು ಕಾಣದವರು ತಮ್ಮ ಮನೆಯಲ್ಲಿ ಯಾರಿದ್ದಾರೆಂದು ಮೊದಲು ಕೇಳಿಕೊಳ್ಳಲಿ. ಪ್ರವಾಸದ ಅಂದಾಜುಪಟ್ಟಿಯಲ್ಲಿ ಮೊದಲು ಬರೆಯಬೇಕಾದ ಹೆಸರು ಅವರದೇ.