ತೋಟದ ಕೆಲಸ ಮುಗಿಸಿ ಬಂದವರು

ಸಾಗರದ ಪೇಟೆ ಹಿಂದಾಗುತ್ತಿದ್ದಂತೆ ರಸ್ತೆಯ ಎರಡೂ ಬದಿಗೆ ಗುಡ್ಡ, ಗುಡ್ಡದ ಬುಡಕ್ಕೆ ಗದ್ದೆ, ಗದ್ದೆಯಾಚೆಯ ಕಣಿವೆಯಲ್ಲಿ ತಲೆಯಷ್ಟೇ ಕಾಣುವಂತೆ ನಿಂತ ಅಡಿಕೆ ಮರಗಳು. ಆಷಾಢದಲ್ಲಿ ಮಳೆ ಹಿಡಿಯಿತೆಂದರೆ ಬಸ್ಸಿನ ಕಿಟಕಿಯಾಚೆ ಇವೆಲ್ಲ ಒಂದೇ ಹಸಿರಾಗಿ ಕದಡಿಹೋಗುತ್ತವೆ. ಎಂಟು-ಹತ್ತು ಕಿಲೋಮೀಟರ್ ಸಾಗಿ ಹೆಗ್ಗೋಡಿನಲ್ಲಿ ಇಳಿದರೆ ಮೊದಲ ನೋಟಕ್ಕೆ ಕಾಣುವುದು ಮಲೆನಾಡಿನ ಯಾವುದೇ ಸಣ್ಣ ಊರು. ಅಂಗಡಿಯ ಜಗಲಿಯಲ್ಲಿ ಒದ್ದೆ ಕೊಡೆಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ, ಒಳಗೆ ಕವಳ ಹಾಕುತ್ತ ಕುಳಿತವರು ಅಡಿಕೆಯ ಧಾರಣೆ ಮಾತಾಡುತ್ತಿರುತ್ತಾರೆ, ಈ ವರ್ಷ ಕೊಳೆ ಎಷ್ಟು ಹೊಡೆಯಬಹುದೆಂಬ ಚಿಂತೆ ಆ ಮಾತಿನೊಳಗೇ ಸುಳಿಯುತ್ತಿರುತ್ತದೆ. ಸ್ವಲ್ಪ ನಡೆದು ಬನ್ನಿ. ಮಳೆಯ ಸದ್ದಿನ ನಡುವೆ ಇನ್ನೊಂದು ಸದ್ದು ಕೇಳಿಸುತ್ತದೆ. ಹತ್ತಾರು ಗಂಟಲುಗಳು ಒಟ್ಟಿಗೆ ಒಂದೇ ಸ್ವರ ಹಿಡಿದು ಏರುತ್ತ, ನಿಂತು, ಮತ್ತೆ ಮೊದಲಿನಿಂದ ಏರುತ್ತಿವೆ.

ಇದು ನೀನಾಸಂ. ಪೂರ್ತಿ ಹೆಸರು ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಊರ ದೇವರ ಹೆಸರನ್ನು ಹೊತ್ತು 1949ರಲ್ಲಿ ಹುಟ್ಟಿದ್ದು.

ಆವರಣದೊಳಗೆ ಕಾಲಿಟ್ಟರೆ ಮೊದಲು ಮುಟ್ಟುವುದು ವಾಸನೆ. ಹಸಿ ಮಣ್ಣು, ಆಗಷ್ಟೇ ಗರಗಸಕ್ಕೆ ಸಿಕ್ಕ ಮರದ ಹೊಟ್ಟು, ಬಣ್ಣಕ್ಕೆ ಕಲಸಿದ ಗೋಂದು, ಅಡುಗೆಮನೆಯಿಂದ ಕೊತ್ತಂಬರಿ-ಜೀರಿಗೆ ಹುರಿದು ಕುದಿಸಿದ ಕಷಾಯ. ಒಂದು ಮೂಲೆಯಲ್ಲಿ ಹೊಲಿಗೆ ಯಂತ್ರ ಕಟಕಟ ಎನ್ನುತ್ತಿದೆ; ಯಾವುದೋ ರಾಜನ ಅಂಗಿಗೆ ಅಂಚು ಕೂರುತ್ತಿರಬೇಕು. ಇನ್ನೊಂದು ಕಡೆ ಹುಡುಗನೊಬ್ಬ ಬಿದಿರಿನ ಚೌಕಟ್ಟಿಗೆ ಬಟ್ಟೆ ಎಳೆದು ಕಟ್ಟುತ್ತ, ತುಟಿಯಲ್ಲೇ ತನ್ನ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದಾನೆ. ಸಂಜೆ ಆ ಚೌಕಟ್ಟಿನ ಮುಂದೆ ನಿಂತು ಆ ಮಾತು ಆಡುವವನೂ ಅವನೇ. ಇಲ್ಲಿ ಮೊಳೆ ಹೊಡೆಯುವವರು, ಪಾತ್ರ ಮಾಡುವವರು ಎಂದು ಬೇರೆ ಬೇರೆ ಜನ ಇರುವುದಿಲ್ಲ. ರಂಗಶಿಕ್ಷಣ ಕೇಂದ್ರ ಶುರುವಾದ 1980ರಿಂದಲೂ ಹತ್ತು ತಿಂಗಳ ಇಲ್ಲಿನ ಕಲಿಕೆಯಲ್ಲಿ ಅಭಿನಯದ ಜೊತೆಗೆ ಬೆಳಕು, ಪ್ರಸಾಧನ, ರಂಗಸಜ್ಜಿಕೆ ಎಲ್ಲವೂ ಸೇರಿವೆ. ಬೀದರಿನಿಂದ ಬಂದ ಹುಡುಗಿಗೂ ಚಾಮರಾಜನಗರದಿಂದ ಬಂದ ಹುಡುಗನಿಗೂ ಮೊದಲ ಪಾಠ ಈ ಮಳೆಯೇ. ಮಳೆಯ ಮೇಲೆ ಕೇಳಿಸುವ ಹಾಗೆ ಮಾತಾಡಬಲ್ಲವರು ಯಾವ ಬಯಲಿನಲ್ಲಿ ನಿಂತರೂ ಕೇಳಿಸುತ್ತಾರೆ.

ಕತ್ತಲಾಗುತ್ತಿದ್ದಂತೆ ಆವರಣದ ಬಣ್ಣವೇ ಬದಲಾಗುತ್ತದೆ. ಬೈಕುಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ರೇನ್‌ಕೋಟು ಬಿಚ್ಚಿ, ಪಂಚೆ ಹಿಂಡಿಕೊಂಡು ಒಳಗೆ ಬರುವವರು ಸುತ್ತಲಿನ ಹಳ್ಳಿಗಳವರು: ತೋಟ ಇರುವವರು, ಶಾಲೆಯ ಮೇಷ್ಟ್ರು, ಅಂಗಡಿ ನಡೆಸುವವರು, ಸೊಸೈಟಿಯಲ್ಲಿ ಲೆಕ್ಕ ಬರೆಯುವವರು, ಮನೆಯ ಅಡುಗೆ ಮುಗಿಸಿ ಮಗುವನ್ನೂ ಕಂಕುಳಲ್ಲಿ ಎತ್ತಿಕೊಂಡೇ ಬಂದ ಹೆಂಗಸರು. "ಬನ್ನಿ ಬನ್ನಿ, ಆಸರಿಗೆ ಏನು ಬೇಕು?" ಎಂದು ಯಾರೋ ಕೇಳುತ್ತಾರೆ. ಕಷಾಯದ ಲೋಟ ಕೈಯಿಂದ ಕೈಗೆ ದಾಟುತ್ತದೆ. ಬೆಳಿಗ್ಗೆ ತೋಟದಲ್ಲಿ ಮೈಲುತುತ್ತ, ಸುಣ್ಣ ಕಲಸಿ ಔಷಧಿ ಹೊಡೆಸಿದವರ ಉಗುರಿನ ಸಂದಿಯಲ್ಲಿ ನೀಲಿ ಇನ್ನೂ ಉಳಿದಿದೆ. ಆ ಕೈಯಲ್ಲೇ ನಾಟಕದ ಹಾಳೆ ಹಿಡಿದು ದೀಪದ ಕೆಳಗೆ ಕೂರುತ್ತಾರೆ. ಓದುವಾಗ ಒಬ್ಬರು ತಪ್ಪುತ್ತಾರೆ, ಪಕ್ಕದವರು ತಿದ್ದುತ್ತಾರೆ, ಒಂದು ಸಾಲಿನ ಅರ್ಥಕ್ಕೆ ಅರ್ಧ ಗಂಟೆ ವಾದವಾಗುತ್ತದೆ. ಈ ವಾದವನ್ನು ಕೇಳುತ್ತ ಹಿಂದಿನ ಬೆಂಚಿನಲ್ಲಿ ಕುಳಿತಿರುವುದಕ್ಕಿಂತ ಹೆಚ್ಚಿನ ಸುಖ ನನಗೆ ಯಾವ ಪ್ರದರ್ಶನದಲ್ಲೂ ಸಿಕ್ಕಿಲ್ಲ.

ಈ ಅಭ್ಯಾಸ ಇವತ್ತಿನದಲ್ಲ. ಇಲ್ಲೇ ಹತ್ತಿರದ ಮುಂಡಿಗೇಸರದ ಕೆ.ವಿ. ಸುಬ್ಬಣ್ಣ ಸಂಘ ಹುಟ್ಟಿದಾಗ ಹದಿನೇಳರ ಹುಡುಗ. ಮೈಸೂರಿಗೆ ಹೋಗಿ ಓದಿದರು, ಓದಿ ಮುಗಿಸಿ ತೋಟಕ್ಕೇ ಮರಳಿದರು. ಅಂದಿನ ಕಾಲಕ್ಕೆ ಓದಿದವರು ಊರಿಗೆ ಬೆನ್ನು ಹಾಕುವುದೇ ರೂಢಿ. ಅವರು ಊರಿನಲ್ಲೇ ಕುಳಿತು 1957ರಲ್ಲಿ ಅಕ್ಷರ ಪ್ರಕಾಶನ ತೆರೆದರು. ಅನಂತಮೂರ್ತಿ, ವೈದೇಹಿ ಅವರ ಪುಸ್ತಕಗಳು ಹೀಗೆ ಅಡಿಕೆ ಸೀಮೆಯ ವಿಳಾಸ ಹೊತ್ತು ಕನ್ನಡನಾಡಿಗೆಲ್ಲ ಹೋದವು. 1972ರಲ್ಲಿ ರಂಗಮಂದಿರ ಎದ್ದಿತು, ಅದಕ್ಕೆ ಶಿವರಾಮ ಕಾರಂತರ ಹೆಸರಿಟ್ಟರು. ಮರುವರ್ಷ ಚಿತ್ರಸಮಾಜ ಹುಟ್ಟಿತು. ತೋಟದಿಂದ ಬಂದು ಕಾಲು ತೊಳೆದುಕೊಂಡವರು ಪ್ರೊಜೆಕ್ಟರಿನ ಗರಗರ ಸದ್ದಿನ ನಡುವೆ ಸತ್ಯಜಿತ್ ರಾಯ್, ಕುರೊಸಾವಾ ಚಿತ್ರಗಳನ್ನು ನೋಡಿದರು. ಭಾಷೆ ತಿಳಿಯದ ಚಿತ್ರ ಹಳ್ಳಿಯವರಿಗೆ ಹಿಡಿಸುತ್ತದೆಯೇ ಎಂಬ ಅನುಮಾನ ಹೊರಗಿನವರಿಗಿತ್ತು, ನೋಡುವವರಿಗೆ ಇರಲಿಲ್ಲ. ಪುಣೆಯಿಂದ ಸತೀಶ್ ಬಹಾದ್ದೂರ್ ಬಂದು ಚಿತ್ರ ನೋಡುವ ಬಗೆಯನ್ನು ಇವರ ಜೊತೆ ಕುಳಿತು ಚರ್ಚಿಸಿದರು. ಮುಂದೆ ಎಂಬತ್ತರ ದಶಕದಲ್ಲಿ 'ಜನಸ್ಪಂದನ' ಯೋಜನೆಯಲ್ಲಿ ಸಿನಿಮಾ, ನಾಟಕ ಎರಡೂ ಊರೂರಿಗೆ ಹೊರಟವು. ಉತ್ತರ ಕನ್ನಡದ ಮಂಚೀಕೇರಿಯ ಕಡೆಯ ಸಿದ್ದಿಗಳು ಚಿದಂಬರರಾವ್ ಜಂಬೆಯವರ ಜೊತೆ ಸೇರಿ ರಂಗಕ್ಕೆ ಬಂದದ್ದು ಆ ದಿನಗಳ ದೊಡ್ಡ ಸಂಗತಿ. ಅವರು ಆಡಿದ್ದು ಆಫ್ರಿಕದ ಚಿನುವ ಅಚಿಬೆಯ ಕಾದಂಬರಿಯನ್ನು ಆಧರಿಸಿದ ನಾಟಕ.

ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ತೀರಿಕೊಂಡದ್ದು 2005ರ ಜುಲೈ 16ರಂದು, ಮಳೆಗಾಲದ ನಡುಮಧ್ಯದಲ್ಲಿ. ಒಬ್ಬರ ಮೇಲೆ ನಿಂತ ಎಷ್ಟೋ ಸಂಸ್ಥೆಗಳು ಆ ಒಬ್ಬರೊಂದಿಗೇ ಮುಗಿಯುವುದನ್ನು ನಾವು ಕಂಡಿದ್ದೇವೆ. ಇಲ್ಲಿ ಹಾಗಾಗಲಿಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲೂ ಇಂಗ್ಲೆಂಡಿನ ಲೀಡ್ಸ್‌ನಲ್ಲೂ ಕಲಿತು ಊರಿಗೇ ಬಂದ ಮಗ ಅಕ್ಷರ ಇದ್ದರು ನಿಜ. ಅವರ ಜೊತೆಗೆ, ಹೆಸರು ಯಾವ ಫಲಕದಲ್ಲೂ ಕಾಣದ ಊರವರು ಇದ್ದರು: ಲೆಕ್ಕಪತ್ರ ನೋಡುವವರು, ಬಂದವರಿಗೆ ಹಾಸಿಗೆ ಹೊಂದಿಸುವವರು, ದೀಪದ ವೈರು ಸುತ್ತಿಡುವವರು, ನೂರಾರು ಜನರ ಊಟಕ್ಕೆ ತರಕಾರಿ ಹೆಚ್ಚುವವರು. ಸಂಸ್ಥೆಯ ನಿಜವಾದ ಆಸ್ತಿ ಯಾವುದೆಂದು ಕೇಳಿದರೆ ನಾನು ಇವರನ್ನೇ ತೋರಿಸುತ್ತೇನೆ.

ಅವರ ಕೈ ಹೇಗೆ ನಡೆಯುತ್ತದೆಂದು ನೋಡಲು ಅಕ್ಟೋಬರಿನಲ್ಲಿ, ಸಂಸ್ಕೃತಿ ಶಿಬಿರದ ಹೊತ್ತಿಗೆ ಹೋಗಬೇಕು. ಮಳೆ ಹಿಂದೆ ಸರಿದಿರುತ್ತದೆ, ಬಿಸಿಲು ಎಳೆಯದಾಗಿರುತ್ತದೆ. ನಾಡಿನ ಮೂಲೆಮೂಲೆಯಿಂದ ಬಂದ ಶಿಬಿರಾರ್ಥಿಗಳು ಹಗಲೆಲ್ಲ ಉಪನ್ಯಾಸ ಕೇಳಿ, ಪ್ರಶ್ನೆ ಕೇಳಿ, ಊಟದ ಸಾಲಿನಲ್ಲೂ ವಾದ ಬಿಡದೆ ನಿಂತಿರುತ್ತಾರೆ. ತಂಬುಳಿ ಬಡಿಸುವವರು ಬಕೆಟ್ ಹಿಡಿದುಕೊಂಡೇ ಆ ವಾದಕ್ಕೆ ಒಂದು ಮಾತು ಸೇರಿಸಿ ಮುಂದಿನ ಎಲೆಗೆ ಹೋಗುತ್ತಾರೆ. ರಾತ್ರಿ ನಾಟಕ. ರಂಗಮಂದಿರದ ಮುಂದಿನ ಸಾಲುಗಳಲ್ಲಿ ಊರಿನ ಅಜ್ಜಿಯರು ಶಾಲು ಹೊದ್ದು ಕೂತಿರುತ್ತಾರೆ. ಶೇಕ್ಸ್‌ಪಿಯರ್, ಕಾಳಿದಾಸ, ಬ್ರೆಕ್ಟ್ ಎಲ್ಲರನ್ನೂ ದಶಕಗಳಿಂದ ನೋಡಿಕೊಂಡು ಬಂದವರು ಅವರು. ನಟನ ನಡೆ ಎಲ್ಲಿ ಸಡಿಲವಾಯಿತೆಂದು ಮರುದಿನ ಬೆಳಿಗ್ಗೆ ದಾರಿಯಲ್ಲೇ ನಿಲ್ಲಿಸಿ ಹೇಳುತ್ತಾರೆ.

ಇದೇ ಹೊತ್ತಿಗೆ ಅಂಗಳದಲ್ಲಿ ವಾಹನವೊಂದು ಸಜ್ಜಾಗುತ್ತದೆ. ಮಡಚುವ ವೇದಿಕೆ, ಮುಖವಾಡಗಳ ಪೆಟ್ಟಿಗೆ, ದೀಪಗಳು, ಹಾರ್ಮೋನಿಯಂ, ಚಂಡೆ, ಎಲ್ಲಕ್ಕೂ ಅದರದರ ಜಾಗವಿದೆ. 1985ರಲ್ಲಿ ಶುರುವಾದ 'ತಿರುಗಾಟ' ಮಳೆಗಾಲದಲ್ಲಿ ಕಟ್ಟಿದ ಹೊಸ ನಾಟಕಗಳನ್ನು ಹೊತ್ತು ಹೊರಡುವುದು ಹೀಗೆ. ಇಲ್ಲಿ ತೋಟಗಳಲ್ಲಿ ಕೊನೆಗೌಡರು ಮರವೇರಿ ಕೊನೆ ಇಳಿಸುತ್ತಿರುವಾಗ, ಮನೆಯಂಗಳದಲ್ಲಿ ರಾತ್ರಿ ದೀಪ ಹಾಕಿಕೊಂಡು ಅಡಿಕೆ ಸುಲಿಯುತ್ತಿರುವಾಗ, ಬೇಯಿಸುವ ಹಂಡೆಯಿಂದ ಚೊಗರಿನ ವಾಸನೆ ಊರೆಲ್ಲ ಹರಡಿರುವಾಗ, ತಂಡ ಎಲ್ಲೋ ಬಯಲುಸೀಮೆಯ ಪೇಟೆಯೊಂದರಲ್ಲಿ ಪರದೆ ಕಟ್ಟುತ್ತಿರುತ್ತದೆ. ಬೆಳಿಗ್ಗೆ ಊರು ತಲುಪಿ, ಮಧ್ಯಾಹ್ನ ರಂಗ ಕಟ್ಟಿ, ಸಂಜೆ ಆಡಿ, ರಾತ್ರಿ ಎಲ್ಲವನ್ನೂ ಬಿಚ್ಚಿ ತುಂಬಿ ಮಲಗುವುದು ಅವರ ತಿಂಗಳುಗಟ್ಟಲೆಯ ದಿನಚರಿ. ಇಂದು ತೆರೆಯ ಮೇಲೆ ನಾವು ಕಾಣುವ ಅಚ್ಯುತ ಕುಮಾರ್ ನೀನಾಸಂನಲ್ಲಿ ಪಳಗಿದವರು. ಸತೀಶ್ ಅಂತೂ ಸಂಸ್ಥೆಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡಿದ್ದಾರೆ.

ತಿರುಗಾಟ ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲಲ್ಲಿ ಅದನ್ನು ಕರೆಸಿಕೊಳ್ಳುವ ಸಣ್ಣ ಬಳಗವೊಂದು ಇರುತ್ತದೆ. ಸಭಾಭವನಕ್ಕೆ ಅರ್ಜಿ ಕೊಟ್ಟು ಕಾಯುವ ಕಾಲೇಜು ಮೇಷ್ಟ್ರು, ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ಟಿಕೆಟ್ ಮಾರುವ ಬ್ಯಾಂಕಿನವರು, ತಂಡಕ್ಕೆ ರೊಟ್ಟಿ ಬಡಿಯುವ ತಾಯಂದಿರು. ಹೆಗ್ಗೋಡಿನವರ ಕೆಲಸದ ಮುಂದುವರಿಕೆ ಇವರ ಕೈಯಲ್ಲಿದೆ, ಕುರ್ಚಿ ಖಾಲಿ ಉಳಿದರೆ ನಷ್ಟ ತುಂಬುವುದೂ ಇವರ ಜೇಬಿನಿಂದಲೇ. ಈ ವರ್ಷ ನಿಮ್ಮೂರಿಗೆ ಆ ವಾಹನ ಬಂದರೆ ದಯವಿಟ್ಟು ಪಾಸು ಕೇಳಬೇಡಿ. ಟಿಕೆಟ್ ಕೊಂಡು, ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ.